ಮಖಮಲ್ ಹುಳುವಿನ ಕುಲ ಯಾವುದು?

1873ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಬ್ರಿಟಿಷ್ ನೌಕಾಪಡೆಯ 'ಚಾಲೆಂಜರ್' ಹಡಗು ಆಫ್ರಿಕಾದ ದಕ್ಷಿಣ ತುದಿಯ ಸೈಮನ್ಸ್ ಬೇಯಲ್ಲಿ ಲಂಗರು ಹಾಕಿತು. ಸಾಗರಗಳ ಆಳ ಅಳೆಯಲು, ತಳದ ಕೆಸರನ್ನು ಮೇಲೆತ್ತಿ ಅಲ್ಲಿ ಜೀವ ಇದೆಯೇ ಇಲ್ಲವೇ ಎಂದು ನೋಡಲು ಹೊರಟಿದ್ದ ಹಡಗು ಅದು. ಅಲ್ಲಿ ಅದು ಏಳು ವಾರ ನಿಂತಿತು. ಹಡಗಿನಲ್ಲಿದ್ದ ಜೀವವಿಜ್ಞಾನಿಗಳಲ್ಲಿ ಒಬ್ಬನಾದ ಹೆನ್ರಿ ನಾಟಿಜ್ ಮೋಸ್ಲಿ ಈ ಬಿಡುವಿನಲ್ಲಿ ಸಮುದ್ರದ ಕಡೆ ಬೆನ್ನು ಮಾಡಿ ಕೇಪ್‌ಟೌನ್ ಸುತ್ತಲಿನ ನೆಲದಲ್ಲಿ ಒಂದು ಹುಳುವನ್ನು ಹುಡುಕಿದ. ಕೊಳೆತ ಮರದ ಒಳಗೆ, ತೇವದ ಕತ್ತಲಲ್ಲಿ ಬದುಕುವ ಬೆರಳುದ್ದದ ಹುಳು. ಚಾಲೆಂಜರ್ ಯಾನದ ವರದಿಗಳು ಮುಂದೆ ಐವತ್ತು ಸಂಪುಟಗಳಷ್ಟಾದವು. ಅಂಥ ಯಾನದ ನಡುವೆ ನೆಲದ ಮೇಲೆ ಸಿಕ್ಕ ಈ ಸಣ್ಣ ಜೀವಿ ಪ್ರಾಣಿಶಾಸ್ತ್ರದ ದೊಡ್ಡ ತಕರಾರೊಂದಕ್ಕೆ ಕಾರಣವಾಯಿತು.

ಇಂಗ್ಲಿಷಿನಲ್ಲಿ ಇದನ್ನು 'ವೆಲ್ವೆಟ್ ವರ್ಮ್' ಎನ್ನುತ್ತಾರೆ. ಮಖಮಲ್ ಹುಳು ಎಂದರೆ ನಮ್ಮವರಿಗೆ ಮೊದಲ ಮಳೆ ಬಿದ್ದೊಡನೆ ಹೊಲದಲ್ಲಿ ಕುಂಕುಮದ ಹನಿಯಂತೆ ಹರಿದಾಡುವ ಇಂದ್ರಗೋಪ ನೆನಪಾಗುವುದು ಸಹಜ. ಅದು ಬೇರೆ, ಇದು ಬೇರೆ. ಇಂದ್ರಗೋಪ ಎಂಟು ಕಾಲಿನ ಜೀವಿ. ಉಣ್ಣೆ, ಜೇಡಗಳ ಬಳಗದ್ದು. ಈ ಮಖಮಲ್ ಹುಳು ಯಾವ ಬಳಗದ್ದು ಎಂಬುದೇ ಎರಡು ಶತಮಾನಗಳ ಕಥೆ.

ನೋಡಲು ಅದು ಯಾರೋ ಅರ್ಧಕ್ಕೆ ಬಿಟ್ಟ ಗೊಂಬೆಯಂತಿದೆ. ಕಂಬಳಿ ಹುಳುವಿನಂಥ ಮೆತ್ತನೆಯ ಮೈ. ಮೈಮೇಲೆಲ್ಲ ಸೂಕ್ಷ್ಮವಾದ ಗುಳ್ಳೆಗಳು, ಅವುಗಳ ಮೇಲೆ ಇನ್ನೂ ಸೂಕ್ಷ್ಮವಾದ ಹುರುಪೆಗಳು. ಇದರಿಂದಲೇ ಆ ಮಖಮಲ್ಲಿನ ಮೆರುಗು. ನೀರು ಬಿದ್ದರೆ ಅಂಟದೆ ಜಾರಿಹೋಗುತ್ತದೆ. ತಲೆಯಲ್ಲಿ ಎರಡು ಮೃದುವಾದ ಮೀಸೆಗಳು. ಕೆಳಗೆ ಸಾಲಾಗಿ ಗಿಡ್ಡ ಕಾಲುಗಳು. ಕೇಪ್ ಪ್ರಾಂತದ ಹುಳುವಿಗೆ ಹದಿನೇಳು ಹದಿನೆಂಟು ಜೊತೆ. ಕೀಲಿಲ್ಲದ, ಒಳಗೆ ದ್ರವ ತುಂಬಿದ ಪೊಳ್ಳು ಕಾಲುಗಳು ಅವು. ಪ್ರತಿ ಕಾಲಿನ ತುದಿಗೆ ಒಂದು ಜೊತೆ ಗಟ್ಟಿ ಉಗುರು. ಹೀಗೆ ಮೈ ಹುಳುವಿನದು, ಉಗುರು ಕೀಟದ್ದು, ನಡಿಗೆ ಎರಡರದೂ ಅಲ್ಲ.

ಪಾಶ್ಚಾತ್ಯ ವಿಜ್ಞಾನಕ್ಕೆ ಇದನ್ನು ಮೊದಲು ತೋರಿಸಿಕೊಟ್ಟವನು ಒಬ್ಬ ಪಾದ್ರಿ. ಹೆಸರು ಲ್ಯಾನ್ಸ್‌ಡೌನ್ ಗಿಲ್ಡಿಂಗ್. ವೆಸ್ಟ್ ಇಂಡೀಸಿನ ಸೇಂಟ್ ವಿನ್ಸೆಂಟ್ ದ್ವೀಪದಲ್ಲಿ ಹುಟ್ಟಿ, ಆಕ್ಸ್‌ಫರ್ಡ್‌ನಲ್ಲಿ ಓದಿ, ಮತ್ತೆ ಅದೇ ದ್ವೀಪಕ್ಕೆ ಮರಳಿದವನು. ಅಲ್ಲಿನ ಬೆಟ್ಟದ ಕಾಡಿನಲ್ಲಿ ಗಿಡಗಳನ್ನು ಸಂಗ್ರಹಿಸುವಾಗ ಅವನಿಗೆ ಸಿಕ್ಕಿದ್ದು ಒಂದೇ ಒಂದು ಹುಳು. 1826ರಲ್ಲಿ ಅದರ ವರ್ಣನೆ ಪ್ರಕಟಿಸಿ 'ಪೆರಿಪೇಟಸ್ ಜೂಲಿಫಾರ್ಮಿಸ್' ಎಂದು ಹೆಸರಿಟ್ಟ. ಪೆರಿಪೇಟಸ್ ಎಂದರೆ ಗ್ರೀಕ್ ಮೂಲದಲ್ಲಿ ಅಡ್ಡಾಡುವುದು. ಅಡ್ಡಾಡುತ್ತ ಪಾಠ ಹೇಳುತ್ತಿದ್ದನೆನ್ನುವ ಅರಿಸ್ಟಾಟಲನ ಶಿಷ್ಯಪರಂಪರೆಗೂ ಇದೇ ಮೂಲದ ಹೆಸರಿದೆ. 'ಜೂಲಿಫಾರ್ಮಿಸ್' ಎಂದರೆ ಚೋರಟೆಯ ಆಕಾರದ್ದು. ಹೆಸರೇನೋ ಚೆನ್ನಾಗಿದೆ. ಆದರೆ ಗಿಲ್ಡಿಂಗ್ ಅದನ್ನು ಸೇರಿಸಿದ್ದು ಬಸವನಹುಳು, ಕಪ್ಪೆಚಿಪ್ಪುಗಳ ಗುಂಪಾದ ಮೃದ್ವಂಗಿಗಳಿಗೆ! ಕಾಲುಳ್ಳ ಮೃದ್ವಂಗಿ ಅದುವರೆಗೆ ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ಈ ಒಂದೇ ಹುಳುವಿಗಾಗಿ 'ಬಹುಪಾದಿ' ಎಂಬ ಹೊಸ ವರ್ಗವನ್ನೇ ಸೃಷ್ಟಿಸಿದ. ನಗುವ ಮುನ್ನ ಅವನ ಕಡೆಯಿಂದಲೂ ನೋಡಬೇಕು. ಚಿಪ್ಪಿಲ್ಲದ ಬಸವನಹುಳುವಿನಂತೆ ಮೆತ್ತಗಿರುವ, ಅದರಂತೆಯೇ ಅಂಟುವ ಲೋಳೆ ಸೂಸುವ ಪ್ರಾಣಿಯನ್ನು ಇನ್ನಾವ ಮನೆಗೆ ಕಳಿಸಬಹುದಿತ್ತು? ಗಿಲ್ಡಿಂಗ್ 1831ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ.

ಫ್ರೆಂಚ್ ಪಂಡಿತರು ಇದನ್ನು ಎರೆಹುಳುಗಳ ಬಳಗಕ್ಕೆ ವರ್ಗಾಯಿಸಿದರು. ಚೋರಟೆ, ಶತಪದಿಗಳ ಹತ್ತಿರದ್ದಿರಬೇಕೆಂದು ವಾದಿಸಿದವರೂ ಇದ್ದರು. 1853ರಲ್ಲಿ ಜರ್ಮನಿಯ ಗ್ರೂಬೆ, ಹುಳುಗಳ ನಡುವೆಯೇ ಇಟ್ಟರೂ, ಅದಕ್ಕೆ ಪ್ರತ್ಯೇಕ ಗಣ ಮಾಡಿ 'ಓನಿಕೋಫೋರಾ' ಎಂದ. ಉಗುರು ಹೊತ್ತವು ಎಂದು ಅರ್ಥ. ಕೇಪ್ ಪ್ರಾಂತದ ಹುಳುವಿಗೆ 1866ರಲ್ಲಿ 'ಕಾಪೆನ್ಸಿಸ್' ಎಂದು ಹೆಸರಿಟ್ಟವನೂ ಅವನೇ.

ಇವರೆಲ್ಲ ಪ್ರತಿಭಾವಂತರೇ. ಆದರೆ ಯೂರೋಪಿನಲ್ಲಿ ಕುಳಿತವರ ಮೇಜಿಗೆ ಬರುತ್ತಿದ್ದುದು ಸ್ಪಿರಿಟ್ ತುಂಬಿದ ಸೀಸೆಗಳಲ್ಲಿ ಸತ್ತು ಸುಕ್ಕುಗಟ್ಟಿದ ಹುಳುಗಳು. ಮೋಸ್ಲಿಗೆ ಸಿಕ್ಕ ಅನುಕೂಲ ಒಂದೇ: ಅವನ ಕೈಯಲ್ಲಿದ್ದುದು ಜೀವಂತ ಪ್ರಾಣಿ. ತಾಜಾ ಹುಳುವನ್ನು ಸೀಳಿ ನೋಡಿದಾಗ ಅದರ ಮೈಯೊಳಗೆ ಗಾಳಿ ತುಂಬಿದ ಅತಿ ನವಿರಾದ ನಳಿಕೆಗಳು ಗೊಂಚಲು ಗೊಂಚಲಾಗಿ ಹರಡಿರುವುದು ಕಂಡಿತು. ಅವು ಶ್ವಾಸನಾಳಗಳು. ಸ್ಪಿರಿಟ್ಟಿನಲ್ಲಿ ನೆನೆದ ಹುಳುವಿನಲ್ಲಿ ಈ ನಳಿಕೆಗಳೊಳಗಿನ ಗಾಳಿ ಹೊರಟುಹೋಗಿರುತ್ತದೆ. ಗಾಳಿಯಿಲ್ಲದ ನಳಿಕೆ ಕಣ್ಣಿಗೆ ಬೀಳುವುದಿಲ್ಲ. ಜೀವಿಯ ಉಸಿರಾಟದ ಗುಟ್ಟು ಅದರ ಉಸಿರು ಹೋದ ಮೇಲೆ ಕಾಣದೇ ಹೋಗಿತ್ತು ಎನ್ನೋಣ.

ಮೋಸ್ಲಿಯ ಪ್ರಬಂಧ 1874ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಎರೆಹುಳುವಿಗೆ ಶ್ವಾಸನಾಳವಿಲ್ಲ. ಬಸವನಹುಳುವಿಗೂ ಇಲ್ಲ. ಇರುವುದು ಕೀಟಗಳಿಗೆ, ಶತಪದಿಗಳಿಗೆ, ಕೆಲವು ಜೇಡಗಳಿಗೆ, ಅಂದರೆ ಕೀಲುಕಾಲಿನ ಸಂಧಿಪದಿಗಳಿಗೆ. ಡಾರ್ವಿನ್ನನ ವಿಕಾಸವಾದದ ಕಾವು ಇನ್ನೂ ಆರದಿದ್ದ ಕಾಲ ಅದು. ಎರೆಹುಳುವಿಗೂ ಕೀಟಕ್ಕೂ ನಡುವೆ ಕಳೆದುಹೋದ ಕೊಂಡಿ ಇಲ್ಲಿದೆ ಎಂದು ಪ್ರಾಣಿಶಾಸ್ತ್ರಜ್ಞರು ಸಂಭ್ರಮಿಸಿದರು. (ಈ ಮೋಸ್ಲಿಯ ಮಗನೇ ಮೂಲವಸ್ತುಗಳ ಪರಮಾಣು ಸಂಖ್ಯೆಗೆ ಭೌತಿಕ ಆಧಾರ ಒದಗಿಸಿ, 1915ರಲ್ಲಿ ಗಲಿಪೊಲಿಯ ಯುದ್ಧದಲ್ಲಿ ಗುಂಡಿಗೆ ಬಲಿಯಾದ ಭೌತವಿಜ್ಞಾನಿ ಹೆನ್ರಿ ಮೋಸ್ಲಿ.)

ಅಲ್ಲಿಂದ ಮುಂದೆ ಕೇಪ್ ಕಾಡಿನ ಹುಳು ಕೇಂಬ್ರಿಜ್‌ನ ಗೀಳಾಯಿತು. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಆರ್ಥರ್ ಬಾಲ್ಫೋರನ ತಮ್ಮ ಫ್ರಾನ್ಸಿಸ್ ಬಾಲ್ಫೋರ್ ಭ್ರೂಣಶಾಸ್ತ್ರದಲ್ಲಿ ಆ ಪೀಳಿಗೆಯ ಅಗ್ರಗಣ್ಯ. ಅವನಿಗಾಗಿಯೇ ಕೇಂಬ್ರಿಜ್ 1882ರಲ್ಲಿ ಹೊಸ ಪ್ರಾಧ್ಯಾಪಕ ಪೀಠ ಸ್ಥಾಪಿಸಿತು. ಅದೇ ವರ್ಷದ ಜುಲೈನಲ್ಲಿ ಆಲ್ಪ್ಸ್ ಪರ್ವತದ ಶಿಖರವೊಂದನ್ನು ಹತ್ತಲು ಹೋಗಿ ಮಾರ್ಗದರ್ಶಿಯ ಜೊತೆ ಬಿದ್ದು ಸತ್ತ. ವಯಸ್ಸು ಮೂವತ್ತು. ಮೇಜಿನ ಮೇಲೆ ಪೆರಿಪೇಟಸ್ ಕುರಿತ ಅಪೂರ್ಣ ಹಸ್ತಪ್ರತಿ, ಚಿತ್ರಗಳು ಉಳಿದಿದ್ದವು. ಮೋಸ್ಲಿ ಮತ್ತು ಬಾಲ್ಫೋರನ ಶಿಷ್ಯ ಆಡಮ್ ಸೆಜ್‌ವಿಕ್ ಸೇರಿ ಅದನ್ನು 1883ರಲ್ಲಿ ಪ್ರಕಟಿಸಿದರು. ಗುರು ಬಿಟ್ಟ ಕೆಲಸವನ್ನು ಮುಗಿಸಲು ಸೆಜ್‌ವಿಕ್ ಅದೇ ವರ್ಷ ಹಡಗು ಹತ್ತಿ ಕೇಪ್‌ಗೆ ಹೋದ. ಹುಳುಗಳನ್ನು ಜೀವಂತವಾಗಿ ಇಂಗ್ಲೆಂಡಿಗೆ ತಂದ.

ಸೆಜ್‌ವಿಕ್ ಕಂಡುಕೊಂಡ ಸಂಗತಿಗಳಲ್ಲಿ ಒಂದು ಇಂದಿಗೂ ಬೆರಗು ಹುಟ್ಟಿಸುವಂಥದು. ಈ ಹುಳು ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ. ಅದರ ಬಸಿರು ಹದಿಮೂರು ತಿಂಗಳು. ಮನುಷ್ಯರಿಗಿಂತ ಹೆಚ್ಚು! ವರ್ಷಕ್ಕೆ ಹನ್ನೆರಡೇ ತಿಂಗಳಾದ್ದರಿಂದ ಪ್ರತಿ ವರ್ಷವೂ ಒಂದು ತಿಂಗಳ ಕಾಲ ತಾಯಿಯ ಗರ್ಭದಲ್ಲಿ ಹುಟ್ಟಲು ಸಿದ್ಧವಾದ ಮರಿಗಳೂ ಆಗಷ್ಟೇ ಮೊಳೆತ ಭ್ರೂಣಗಳೂ ಒಟ್ಟಿಗಿರುತ್ತವೆ. ಸಂಭೋಗದ ಬಗೆ ಇನ್ನೂ ವಿಚಿತ್ರ. ಕೇಂಬ್ರಿಜ್‌ನವಳೇ ಆದ ಸಿಡ್ನಿ ಮ್ಯಾಂಟನ್ 1938ರಲ್ಲಿ ಅದನ್ನು ವಿವರಿಸಿದಳು. ಗಂಡು ತನ್ನ ರೇತ್ರದ ಸಣ್ಣ ಪೊಟ್ಟಣಗಳನ್ನು ಹೆಣ್ಣಿನ ಮೈಮೇಲೆ ಎಲ್ಲೆಂದರಲ್ಲಿ ಅಂಟಿಸಿ ಹೋಗುತ್ತದೆ. ಆ ಜಾಗದಲ್ಲಿ ಹೆಣ್ಣಿನ ಚರ್ಮ ಕರಗಿ ದಾರಿ ಬಿಡುತ್ತದೆ. ರೇತ್ರಾಣುಗಳು ರಕ್ತದಲ್ಲಿ ಈಜಿ ಅಂಡಾಶಯ ಸೇರುತ್ತವೆ.

ಬೇಟೆಯ ಕ್ರಮವೂ ಹೇಳುವಂಥದೇ. ಬಾಯಿಯ ಎರಡು ಪಕ್ಕದ ಗುಬುಟುಗಳಿಂದ ಎರಡು ಲೋಳೆಯ ಧಾರೆಗಳು ಚಿಮ್ಮುತ್ತವೆ. ಅಡ್ಡಾದಿಡ್ಡಿ ಹಾರಿ ಗಾಳಿಯಲ್ಲೇ ಬಲೆಯಾಗುತ್ತವೆ. ಗೆದ್ದಲೋ ಜೀರುಂಡೆಯೋ ಆ ಬಲೆಯಲ್ಲಿ ಸಿಕ್ಕಿ ನೆಲಕ್ಕೆ ಅಂಟಿಕೊಳ್ಳುತ್ತದೆ. ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ಲೋಳೆ ಬಿಗಿಯಾಗುತ್ತದೆ. ಹುಳು ನಿಧಾನವಾಗಿ ಬಂದು ಕಚ್ಚಿ, ಜೊಲ್ಲು ಒಳಸೇರಿಸಿ, ಕರಗಿದ್ದನ್ನು ಹೀರುತ್ತದೆ. ಸ್ವಂತ ಲೋಳೆಯನ್ನೂ ಬಿಡದೆ ತಿನ್ನುತ್ತದೆ. ಆ ಧಾರೆ ಹೇಗೆ ತೊನೆಯುತ್ತದೆ ಎಂಬುದು 2015ರಲ್ಲಷ್ಟೇ ಸ್ಪಷ್ಟವಾಯಿತು. ತೋಟದ ರಬ್ಬರ್ ಪೈಪನ್ನು ಕೈಬಿಟ್ಟರೆ ನೀರಿನ ರಭಸಕ್ಕೆ ಅದು ತಾನಾಗಿ ಹೊರಳಾಡುವುದಿಲ್ಲವೇ, ಹಾಗೆ. ಅದನ್ನು ಆಡಿಸಲು ಸ್ನಾಯು ಬೇಕಿಲ್ಲ.

ಈ ನಡುವೆ ಹುಳುವಿನ ಹೆಸರುಗಳು ಬೆಳೆಯುತ್ತಿದ್ದವು. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನಲ್ಲಿದ್ದ ಜೇಮ್ಸ್ ವುಡ್-ಮೇಸನ್ 1879ರಲ್ಲಿ ದಕ್ಷಿಣ ಆಫ್ರಿಕಾದ ಒಂದು ಪ್ರಭೇದಕ್ಕೆ ಮೋಸ್ಲಿಯ ಹೆಸರಿಟ್ಟ. ಸೆಜ್‌ವಿಕ್ 1885ರಲ್ಲಿ ಇನ್ನೊಂದಕ್ಕೆ ಗುರು ಬಾಲ್ಫೋರನ ಹೆಸರಿಟ್ಟ. 1899ರಲ್ಲಿ ಕೇಪ್‌ಟೌನ್ ಮ್ಯೂಸಿಯಮ್ಮಿನ ಪರ್ಸೆಲ್, ಕರಾವಳಿ ಕಾಡುಗಳ ಮತ್ತೊಂದು ಹುಳುವಿಗೆ ಸೆಜ್‌ವಿಕ್‌ನ ಹೆಸರು ಕೊಟ್ಟ. ಹೀಗೆ ಹುಳುವನ್ನು ಅರಿಯಲು ಹೆಣಗಿದವರೆಲ್ಲ ಕೊನೆಗೆ ಅದರ ಬಂಧುಬಳಗದಲ್ಲಿ ಸೇರಿಹೋದರು.

ಭಾರತದ ಏಕೈಕ ಮಖಮಲ್ ಹುಳು ಬೆಳಕಿಗೆ ಬಂದ ಕಥೆಯಲ್ಲಿ ಮಾತ್ರ ಇಂಥ ಸೌಜನ್ಯವಿಲ್ಲ, ರಕ್ತವಿದೆ. 1911ರ ಮಾರ್ಚ್‌ನಲ್ಲಿ ಇಂದಿನ ಅರುಣಾಚಲದ ಸಿಯಾಂಗ್ ಕಣಿವೆಯಲ್ಲಿ ಬ್ರಿಟಿಷ್ ಅಧಿಕಾರಿ ನೋಯಲ್ ವಿಲಿಯಮ್ಸನ್‌ನ ಕೊಲೆಯಾಯಿತು. ಸರ್ಕಾರ ಅಲ್ಲಿನ ಆದಿ ಜನರನ್ನು (ಆಗ ಬ್ರಿಟಿಷರು ಅವರನ್ನು 'ಅಬೋರ್' ಎನ್ನುತ್ತಿದ್ದರು) ಶಿಕ್ಷಿಸಲು ದಂಡು ಕಳಿಸಿತು. ದಂಡಿನ ಜೊತೆ ಇಂಡಿಯನ್ ಮ್ಯೂಸಿಯಮ್ಮಿನ ಪ್ರಾಣಿಶಾಸ್ತ್ರಜ್ಞ ಸ್ಟ್ಯಾನ್ಲಿ ಕೆಂಪ್ ಹೋದ. ಒಂದೆಡೆ ಸೈನಿಕ ಕಾರ್ಯಾಚರಣೆ ನಡೆದಿರುವಾಗ ಇನ್ನೊಂದೆಡೆ ಕೆಂಪ್ ಕಲ್ಲುಗಳನ್ನು ಮಗುಚಿ ನೋಡುತ್ತಿದ್ದ. ಸಿಕ್ಕ ಹುಳುವಿಗೆ ಹೊರಗೆ ಕಾಣುವ ಕಣ್ಣಿಲ್ಲ. ಹಾಗಾಗಿ 'ಟಿಫ್ಲೊಪೆರಿಪೇಟಸ್', ಕುರುಡು ಪೆರಿಪೇಟಸ್. ಜೊತೆಗೆ ಕೊಲೆಯಾದ ಅಧಿಕಾರಿಯ ನೆನಪಿಗೆ 'ವಿಲಿಯಮ್ಸೋನಿ'. ಆ ಹುಳುವಿನ ಜೊತೆ ತಲೆತಲಾಂತರದಿಂದ ಬದುಕಿದ ಕಣಿವೆಯ ಜನರ ಗುರುತು ಹೆಸರಿನಲ್ಲಿ ಎಲ್ಲೂ ಇಲ್ಲ. ಆಮೇಲೆ ನೂರು ವರ್ಷಕ್ಕೂ ಮಿಕ್ಕಿ ಈ ಹುಳುವಿನ ಸುದ್ದಿಯಿರಲಿಲ್ಲ. ಅದು ಮತ್ತೆ ಸಿಕ್ಕಿದೆ ಎಂದು 2024ರಲ್ಲಿ ವರದಿ ಮಾಡಿದವರು ಬೆಂಗಳೂರಿನ 'ಏಟ್ರೀ' ಸಂಸ್ಥೆಯ ಸಂಶೋಧಕರು.

ಅಷ್ಟು ಮಳೆ, ಅಷ್ಟು ಕೊಳೆತ ಮರ ಇರುವ ನಮ್ಮ ಪಶ್ಚಿಮ ಘಟ್ಟದಲ್ಲಿ ಇದು ಯಾಕಿಲ್ಲ? ಅಲ್ಲಿಂದ ಇದುವರೆಗೆ ಒಂದು ಮಖಮಲ್ ಹುಳುವೂ ದಾಖಲಾಗಿಲ್ಲ. ಆಫ್ರಿಕಾ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯಗಳ ಜೊತೆ ಒಂದೇ ಗೊಂಡ್ವಾನ ಭೂಖಂಡವಾಗಿದ್ದ ಭಾರತ ಒಡೆದು ಉತ್ತರಕ್ಕೆ ತೇಲಿಬಂದಾಗ ಈ ಹುಳುವನ್ನೂ ಹೊತ್ತು ತಂದಿತೆಂದು ಒಂದು ವಾದವಿತ್ತು. ಆದರೆ ಮ್ಯಾನ್ಮಾರಿನ ಸುಮಾರು ಹತ್ತು ಕೋಟಿ ವರ್ಷ ಹಳೆಯ ಅಂಬರಿನಲ್ಲಿ, ಅಂದರೆ ಗಟ್ಟಿಯಾದ ಮರದ ಅಂಟಿನಲ್ಲಿ, ಸಿಲುಕಿದ ಮಖಮಲ್ ಹುಳುವೊಂದು ದೊರೆಯಿತು. ಭಾರತ ಏಷ್ಯಕ್ಕೆ ಬಂದು ತಾಗುವುದಕ್ಕೆ ಎಷ್ಟೋ ಮೊದಲಿನದು ಅದು. 2016ರಲ್ಲಿ ಅದರ ವಿವರ ಅಧ್ಯಯನ ಮಾಡಿದವರು, ಹುಳು ಯೂರೋಪಿನ ದಾರಿಯಾಗಿ ಮೊದಲೇ ಆಗ್ನೇಯ ಏಷ್ಯ ತಲುಪಿತ್ತು, ಅಲ್ಲಿಂದ ಈಶಾನ್ಯ ಭಾರತಕ್ಕೆ ಬಂತು ಎಂದು ತರ್ಕಿಸಿದ್ದಾರೆ. ಹಾಗಿದ್ದರೆ ಘಟ್ಟದ ಕಾಡುಗಳವರೆಗೆ ಅದು ಬಂದೇ ಇಲ್ಲ.

ಇನ್ನು ಕುಲದ ಪ್ರಶ್ನೆ. ಅದಕ್ಕೆ ಉತ್ತರದ ಸುಳಿವು ಕೆನಡದ ಬೆಟ್ಟಗಳ ಬರ್ಜೆಸ್ ಶೇಲ್ ಎಂಬ ಕಲ್ಲಿನ ಪದರಗಳಲ್ಲಿತ್ತು. ಸುಮಾರು 50 ಕೋಟಿ ವರ್ಷಗಳ ಹಿಂದೆ ಅದು ಸಮುದ್ರದ ತಳ. ಅಲ್ಲಿ ಸಿಕ್ಕ 'ಐಶಿಯಾಯ' ಎಂಬ ಪಳೆಯುಳಿಕೆಯನ್ನು 1911ರಲ್ಲಿ ವಾಲ್ಕಾಟ್ ಎರೆಹುಳುವಿನ ಬಂಧು ಎಂದ. 1930ರಲ್ಲಿ ಅದನ್ನು ಮರುಪರಿಶೀಲಿಸಿ ಇದು ಮಖಮಲ್ ಹುಳುವಿನ ಕಡೆಯದು ಎಂದು ತೋರಿಸಿದವನು ಎವ್ಲಿನ್ ಹಚಿನ್ಸನ್. ಅದಕ್ಕೆ ಕೆಲವೇ ವರ್ಷ ಮೊದಲು ಆತ ದಕ್ಷಿಣ ಆಫ್ರಿಕಾದಲ್ಲಿ ಅಧ್ಯಾಪಕನಾಗಿದ್ದ. ಅಲ್ಲಿನ ಮಖಮಲ್ ಹುಳುಗಳ ಬಗ್ಗೆ 1928ರಲ್ಲಿ ಲೇಖನವನ್ನೂ ಬರೆದಿದ್ದ. ಜೀವಂತ ಹುಳುವಿನ ನಡಿಗೆ ಕಂಡ ಕಣ್ಣಿಗೆ ಕಲ್ಲಿನ ಮೇಲಿನ ಕಾಲುಗಳ ಗುರುತು ಹತ್ತಿತು.

ಇಂದು ಓನಿಕೋಫೋರಾ ಎಂಬುದು ಪ್ರಾಣಿ ಸಾಮ್ರಾಜ್ಯದ ಸ್ವತಂತ್ರ ವಂಶ. ಈವರೆಗೆ ವರ್ಣಿಸಿರುವ ಪ್ರಭೇದಗಳು ಇನ್ನೂರನ್ನು ದಾಟಿವೆ. ಕೀಟ, ಜೇಡ, ಏಡಿಗಳ ಸಂಧಿಪದಿ ವಂಶಕ್ಕೆ ಇದು ಸೋದರಿ. ಎರೆಹುಳುವಿನ ಜೊತೆ ಹತ್ತಿರದ ನಂಟಿಲ್ಲ. ಹಾಗಾಗಿ ಮೋಸ್ಲಿಯ ಕಾಲದ 'ಕೊಂಡಿ' ಕಳಚಿಬಿತ್ತು. 'ಜೀವಂತ ಪಳೆಯುಳಿಕೆ' ಎಂಬ ಮಾತು ಈಗಲೂ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ. ಅದು ಸೋಮಾರಿ ಮಾತು. ಬರ್ಜೆಸ್ ಶೇಲಿನ ಜೀವಿಗಳು ಸಮುದ್ರವಾಸಿಗಳು. ಇಂದಿನ ಮಖಮಲ್ ಹುಳುಗಳಲ್ಲಿ ಒಂದೂ ಸಮುದ್ರದಲ್ಲಿಲ್ಲ. ನೆಲಕ್ಕೆ ಬಂದ ಮೇಲೆ ಇವು ಹೊಸ ಉಸಿರಾಟ ಕಲಿತಿವೆ. ಮೋಸ್ಲಿ ಕಂಡ ಶ್ವಾಸನಾಳಗಳು ಕೂಡ ಕೀಟಗಳಿಂದ ಪಡೆದ ಆಸ್ತಿಯಲ್ಲ, ಇವು ಬೇರೆಯಾಗಿಯೇ ಗಳಿಸಿದ್ದು ಎಂಬುದು ಈಗಿನ ತಿಳಿವಳಿಕೆ.

ಆ ಗಳಿಕೆಯಲ್ಲಿ ಒಂದು ಕೊರತೆ ಉಳಿಯಿತು. ಕೀಟಗಳ ಶ್ವಾಸರಂಧ್ರಗಳಿಗೆ ಮುಚ್ಚಳವಿದೆ. ಬಿಸಿಲಾದರೆ ಮುಚ್ಚಿಕೊಂಡು ಮೈಯ ನೀರನ್ನು ಉಳಿಸಿಕೊಳ್ಳುತ್ತವೆ. ಮಖಮಲ್ ಹುಳುವಿನ ಮೈಮೇಲೆ ಹರಡಿದ ರಂಧ್ರಗಳು ಸದಾ ತೆರೆದೇ ಇರುತ್ತವೆ. ಒಣ ಗಾಳಿಯಲ್ಲಿ ಅದರ ಮೈ ಬೇಗ ಆರುತ್ತದೆ. ಒಂದು ಕಾಡಿನಿಂದ ಇನ್ನೊಂದಕ್ಕೆ ನಡುವಿನ ಬಿಸಿಲ ಬಯಲನ್ನು ದಾಟುವುದು ಅದಕ್ಕೆ ಸಾಧ್ಯವಿಲ್ಲ. ಹುಟ್ಟಿದ ತುಂಡು ಕಾಡಿನಲ್ಲೇ ಬದುಕಬೇಕು, ಅಲ್ಲೇ ಸಾಯಬೇಕು.

ದಕ್ಷಿಣ ಆಫ್ರಿಕಾದ ಭೂಪಟ ನೋಡಿದರೆ ಇದರ ಅರ್ಥ ಆಗುತ್ತದೆ. ಆ ದೇಶದಲ್ಲಿ ಸಹಜ ದಟ್ಟ ಕಾಡು ಇರುವುದು ನೂರಕ್ಕೆ ಒಂದು ಪಾಲಿಗೂ ಕಡಿಮೆ ನೆಲದಲ್ಲಿ; ಅದೂ ಕರಾವಳಿಯ ಬೆಟ್ಟಗಳ ಮಡಿಲಲ್ಲಿ ತುಣುಕು ತುಣುಕಾಗಿ. 1652ರಲ್ಲಿ ಡಚ್ಚರು ಕೇಪ್‌ನಲ್ಲಿ ನೆಲೆಯೂರಿದೊಡನೆ ಕೊಡಲಿ ಎತ್ತಿದರು. ಇಂದಿನ 'ಹೌಟ್ ಬೇ' ಎಂಬ ಊರಿನ ಹೆಸರಿಗೆ ಮರದ ಕೊಲ್ಲಿ ಎಂದೇ ಅರ್ಥ. ಹತ್ತಿರದ ಮರ ಮುಗಿದ ಮೇಲೆ ಪೂರ್ವದ ನೈಸ್ನ, ಟ್ಸಿಟ್ಸಿಕಾಮ ಕಾಡುಗಳ ಸರದಿ: ಹಡಗಿಗೆ, ಬಂಡಿಗೆ, ಆಮೇಲೆ ರೈಲು ಹಳಿಯ ಸ್ಲೀಪರ್‌ಗಳಿಗೆ. 1869ರ ಫೆಬ್ರುವರಿಯಲ್ಲಿ ಬಿಸಿಗಾಳಿಗೆ ಹೊತ್ತಿಕೊಂಡ ಬೆಂಕಿ ಆ ಕರಾವಳಿಯುದ್ದಕ್ಕೂ ಹರಡಿ ಉರಿಯಿತು. ಸರ್ಕಾರ 1874ರಲ್ಲಿ ನೈಸ್ನ ಕಾಡಿಗೆ ರಕ್ಷಣಾಧಿಕಾರಿಯನ್ನು ನೇಮಿಸಿತು. ತಲೆಮಾರುಗಳಿಂದ ಮರ ಕಡಿದೇ ಬದುಕಿದ್ದ ಬಡ ಕುಟುಂಬಗಳನ್ನು 1939ರಲ್ಲಿ ಸಣ್ಣ ಪಿಂಚಣಿ ಕೊಟ್ಟು ಹೊರಗೆ ಕಳಿಸಿತು. 2017ರ ಜೂನ್‌ನಲ್ಲಿ ನೈಸ್ನ ಸುತ್ತ ಮತ್ತೆ ಭೀಕರ ಬೆಂಕಿ.

ಉಳಿದ ತುಣುಕುಗಳಲ್ಲಿ ಏನಿದೆ ಎಂಬುದು ತಿಳಿದದ್ದು ಡಿಎನ್‌ಎ ಪರೀಕ್ಷೆ ಬಂದ ಮೇಲೆ. ಗ್ರೂಬೆ 1866ರಲ್ಲಿ ಹೆಸರಿಟ್ಟ 'ಕಾಪೆನ್ಸಿಸ್' ಒಂದೇ ಪ್ರಭೇದವೆಂದು ಎಲ್ಲರೂ ನಂಬಿದ್ದರು. 2012ರಲ್ಲಿ ಅದರೊಳಗಿಂದ ಎರಡು ಹೊಸ ಪ್ರಭೇದಗಳನ್ನು ಬೇರ್ಪಡಿಸಲಾಯಿತು. ಬಾಲ್ಫೋರನ ಹೆಸರಿನ ಹುಳುವೂ ಒಂದಲ್ಲ, ಹಲವು ಎಂದು 2013ರಲ್ಲಿ ಗೊತ್ತಾಯಿತು. ಹೊರಗಿನಿಂದ ನೋಡಿದರೆ ಅವಳಿಗಳಂತೆ ಕಾಣುವ ಇವು ಬೇರೆ ಬೇರೆ ಕಣಿವೆಗಳಲ್ಲಿ ಲಕ್ಷಾಂತರ ವರ್ಷ ದೂರವುಳಿದು ಬೇರೆಯಾದವು. ಒಂದು ತುಂಡು ಕಾಡು ಉರಿದರೆ ಅಥವಾ ಕಡಿದರೆ ಪಕ್ಕದ ಕಾಡಿನ ಹುಳು ಬಂದು ಆ ಜಾಗ ತುಂಬುವುದಿಲ್ಲ. ಕಾಡು 'ಸ್ವಚ್ಛ'ಗೊಳಿಸುವ ಅಭ್ಯಾಸವೂ ಇದಕ್ಕೆ ಅಪಾಯವೇ. ಬಿದ್ದು ಕೊಳೆಯುವ ದಿಮ್ಮಿಯನ್ನು ಸಾಗಿಸಿದರೆ ಮೇಲಿನ ಮರಗಳೆಲ್ಲ ನಿಂತಿದ್ದರೂ ಕೆಳಗೆ ಹುಳುವಿನ ಮನೆ ಹೋಗಿರುತ್ತದೆ. ಕೇಪ್‌ಟೌನ್ ನಗರದ ಅಂಚಿನ ಸಿಗ್ನಲ್ ಹಿಲ್‌ನಿಂದ ಪರ್ಸೆಲ್ 1899ರಲ್ಲಿ ವರ್ಣಿಸಿದ 'ಲಿಯೋನಿನ' ಎಂಬ ಪ್ರಭೇದವನ್ನು ಅಂತಾರಾಷ್ಟ್ರೀಯ ಕೆಂಪುಪಟ್ಟಿ ತೀವ್ರ ಅಪಾಯದಲ್ಲಿರುವ ಜೀವಿಗಳ ಸಾಲಿನಲ್ಲಿ ಇರಿಸಿದೆ.

ಕರಾವಳಿಯಿಂದ ಒಳಗೆ, ಪೈನ್ ತೋಪುಗಳ ನಡುವೆ ಉಳಿದ ಎನ್‌ಗೆಲೆ ಎಂಬ ಕಾಡಿನಲ್ಲಿ ಗುಲಾಬಿ ಬಣ್ಣದ ಮಖಮಲ್ ಹುಳು ಇತ್ತು. ಹೆಸರು 'ಒಪಿಸ್ಥೊಪೇಟಸ್ ರೋಸಿಯಸ್'. 1947ರಲ್ಲಿ ವರ್ಣಿತವಾದ ಇದು ಅಳಿದುಹೋಯಿತೆಂದು 1996ರ ಕೆಂಪುಪಟ್ಟಿ ಸಾರಿತು. ಆಮೇಲೆ ಅದೇ ಕಾಡಿನಲ್ಲಿ ಹುಡುಕಿದವರಿಗೆ ಅದು ಸಿಕ್ಕಿತು. ಪಟ್ಟಿಯಲ್ಲಿ 'ಅಳಿದದ್ದು' ಎಂಬುದನ್ನು ಹೊಡೆದುಹಾಕಿ 'ತೀವ್ರ ಅಪಾಯದಲ್ಲಿದೆ' ಎಂದು ಬರೆಯಲಾಯಿತು.